ಹದಿನೇಳನೆಯ ತಿರುವಿನ ಎಣಿಕೆ

ಬೇಸಿಗೆ ರಜೆಗೆ ಇನ್ನೂ ಎರಡು ತಿಂಗಳಿದೆ ಎನ್ನುವಾಗಲೇ ಆ ಪ್ರವಾಸದ ಆಫೀಸಿಗೆ ಜನ ಮುಗಿಬೀಳುತ್ತಾರೆ. ಬೆಟ್ಟದ ಮೇಲಿನ ಮೂರು ರಾಷ್ಟ್ರೀಯ ಉದ್ಯಾನಗಳನ್ನು ಸ್ವಂತ ಕಾರಿನಲ್ಲಿ, ನಾಲ್ಕೇ ದಿನದಲ್ಲಿ ಸುತ್ತಿ ಬಂದುಬಿಡಬೇಕೆಂಬ ಹುಚ್ಚು ಆ ಊರಿನವರಿಗೆ. ಬಂದವರು ಮೊದಲು ಗೋಡೆಯ ಮೇಲಿನ ಸರೋವರದ ಚಿತ್ರ ನೋಡಿ ಬಾಯಿ ತೆರೆಯುತ್ತಾರೆ, ಆಮೇಲೆ ಮಾಲೀಕರ ಮಾತು ಕೇಳಿ ತಲೆ ಆಡಿಸುತ್ತಾರೆ, ಕೊನೆಗೆ ಮೂಲೆಯ ಮೇಜಿನ ಹತ್ತಿರ ಬಂದು ಕೂರುತ್ತಾರೆ. ಆ ಮೇಜಿನ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತವಳೇ ದಾರಿಯಕ್ಕ. ಆ ಹೆಸರಿಟ್ಟವರು ಯಾರೋ, ಈಗ ಸ್ವಂತ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಅವಳ ಕೆಲಸ ದಾರಿ ಬರೆಯುವುದು. ಹೊರಡುವ ಪ್ರತಿಯೊಂದು ಕುಟುಂಬಕ್ಕೂ ಅವರ ಕಾರು, ಅವರ ವಯಸ್ಸು, ಅವರ ಸೊಂಟನೋವು ಎಲ್ಲ ವಿಚಾರಿಸಿ ಒಂದು ಸಣ್ಣ ಪುಸ್ತಕ ಮಾಡಿಕೊಡುತ್ತಾಳೆ. ಬೆಟ್ಟ ಹತ್ತಿದ ಮೇಲೆ ಫೋನುಗಳು ಸತ್ತಹಾಗೆ ಬಿದ್ದಿರುವುದರಿಂದ ಈ ಪುಸ್ತಕಕ್ಕೆ ಇನ್ನೂ ಬೆಲೆ ಇದೆ. "ಎಡಕ್ಕೆ ತಿರುಗಿ ಅಂತ ಫೋನೂ ಹೇಳತ್ತೆ. ತಿರುಗಿದ ಮೇಲೆ ಹೊಟ್ಟೆ ತೊಳಸತ್ತೆ ಅಂತ ಹೇಳತ್ತಾ?" ಎಂದು ಕೇಳುತ್ತಾಳೆ ದಾರಿಯಕ್ಕ. ಎಲ್ಲಿ ಬ್ರೇಕು ಬಿಸಿಯಾಗುತ್ತದೆ, ಎಲ್ಲಿ ಎರಡನೇ ಗೇರಿನಲ್ಲೇ ಇಳಿಯಬೇಕು, ಯಾವ ಹುಲ್ಲುಗಾವಲಿನಲ್ಲಿ ಬೆಳಗ್ಗೆ ಎಂಟರ ಒಳಗೆ ಜಿಂಕೆಗಳು ಕಾಣುತ್ತವೆ, ಯಾವ ಶೌಚಾಲಯಕ್ಕೆ ಬಾಗಿಲಿಲ್ಲ, ಎಲ್ಲವೂ ಅದರಲ್ಲಿರುತ್ತದೆ. ವಾಪಸು ಬಂದವರು ಪುಸ್ತಕವನ್ನು ಆಫೀಸಿಗೆ ತಂದುಕೊಡಬೇಕು. ಅವರು ಪೆನ್ಸಿಲಿನಲ್ಲಿ ಗೀಚಿದ್ದನ್ನೆಲ್ಲ ಓದಿ, ಮುಂದಿನ ವರ್ಷದ ದಾರಿಯನ್ನು ತಿದ್ದುತ್ತಾಳೆ.

ಪುಸ್ತಕದಲ್ಲಿ ನಿಲ್ಲಿಸುವ ಪ್ರತಿಯೊಂದು ಜಾಗದ ಎದುರಿಗೂ ಒಂದು ಚೌಕವಿದೆ. ಕಾರು ಹೊರಡುವ ಮೊದಲು ಒಳಗಿರುವ ತಲೆಗಳನ್ನು ಎಣಿಸಿ ಆ ಚೌಕದಲ್ಲಿ ಬರೆಯಬೇಕು. ಜನ ನಗುತ್ತಾರೆ. "ಮೂರೇ ಜನ ಇದೀವಕ್ಕಾ, ಎಣಿಸೋದೇನು?" ಎಂದು ಗೇಲಿ ಮಾಡುತ್ತಾರೆ. ಉಳಿದೆಲ್ಲಕ್ಕೂ ನಗುವ ದಾರಿಯಕ್ಕ ಇದಕ್ಕೆ ಮಾತ್ರ ನಗುವುದಿಲ್ಲ. "ಬರೀಬೇಕು. ಇಲ್ಲಾಂದ್ರೆ ಪುಸ್ತಕ ಇಲ್ಲಿಟ್ಟು ಹೋಗಿ" ಎನ್ನುತ್ತಾಳೆ. ಆ ಮುಖ ನೋಡಿದ ಮೇಲೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಗೊತ್ತಿರುವವಳು ಆ ದಾರಿಯಲ್ಲಿ ನೂರು ಸಲ ಹೋಗಿರಬೇಕೆಂದು ಎಲ್ಲರೂ ಅಂದುಕೊಂಡಿದ್ದಾರೆ. ಅವಳು ಹೋಗಿದ್ದು ಒಂದೇ ಸಲ. ಆಗ ಅವಳಿಗೆ ಒಂಬತ್ತು ವರ್ಷ, ಈಗ ಐವತ್ತೆರಡು.

ಆಗ ಎರಡು ಕಾರುಗಳಲ್ಲಿ ಹೊರಟಿದ್ದರು. ಒಂದರಲ್ಲಿ ದೊಡ್ಡಪ್ಪನ ಸಂಸಾರ, ಇನ್ನೊಂದರಲ್ಲಿ ಅಪ್ಪ, ಅಮ್ಮ, ಇವಳು, ಜೊತೆಗೆ ಅಮ್ಮನ ತಂಗಿ ಚಿಕ್ಕಮ್ಮ. ಚಿಕ್ಕಮ್ಮನಿಗೆ ಇಪ್ಪತ್ತಾರು, ಮದುವೆಯಾಗಿರಲಿಲ್ಲ. ಮನೆಯವರ ಬಟ್ಟೆಯೆಲ್ಲ ಅವಳೇ ಹೊಲಿಯುತ್ತಿದ್ದಳು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು, ಮಾತಾಡಿದರೆ ಪಕ್ಕದವರಿಗಷ್ಟೇ ಕೇಳಿಸುತ್ತಿತ್ತು. ಅವಳು ಕೋಣೆಯಲ್ಲಿದ್ದಾಳೋ ಇಲ್ಲವೋ ಎಂದು ತಲೆ ಎತ್ತಿ ನೋಡಬೇಕಾಗಿತ್ತು. ಕಾರು ಹತ್ತಿದರೆ ಅವಳಿಗೆ ತಲೆಸುತ್ತು. ಅದಕ್ಕೇ ಹಿಂದಿನ ಸೀಟಿನ ಎಡಗಡೆ ಕಿಟಕಿ ಅವಳದು. ಗಾಜು ಪೂರ್ತಿ ಇಳಿಸಿಕೊಂಡು, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಉಗುರಿನಿಂದ ಸಿಪ್ಪೆ ಚುಚ್ಚಿ ಚುಚ್ಚಿ ಮೂಸುತ್ತಾ ಕೂರುತ್ತಿದ್ದಳು. ಇವಳಿಗೋ ಅದೇ ಕಿಟಕಿ ಬೇಕು. ಬಲಗಡೆ ಬರೀ ಬೆಟ್ಟದ ಗೋಡೆ. ಕಣಿವೆ, ಸರೋವರ, ಹಿಮ ಎಲ್ಲ ಎಡಕ್ಕೇ. ಎರಡು ದಿನ ಬೆಳಗಿಂದ ಸಂಜೆಯವರೆಗೂ ಕಿಟಕಿ ಕಿಟಕಿ ಎಂದು ರಚ್ಚೆ ಹಿಡಿದು ಎಲ್ಲರ ತಲೆ ತಿಂದಿದ್ದಳು.

ಎರಡನೆಯ ಉದ್ಯಾನ ದಾಟಿ ಇಳಿಯುವ ದಾರಿಯಲ್ಲಿ ಹದಿನೇಳನೆಯ ತಿರುವು. ಅಲ್ಲೊಂದು ಮೋಟು ಕಲ್ಲುಗೋಡೆ, ಬಂಡೆಯಿಂದ ಕಬ್ಬಿಣದ ಕೊಳವೆಯಲ್ಲಿ ಸುರಿಯುವ ನೀರು, ಆರು ಕಾರು ನಿಲ್ಲುವಷ್ಟು ಜಾಗ. ಚಿಕ್ಕಮ್ಮ ಮುಖ ತೊಳೆಯಲು ಇಳಿದಳು. ಮಂಜು ಬಂತು. ಅಮ್ಮ ದೊಡ್ಡಮ್ಮನ ಜೊತೆ ಹರಟುತ್ತಾ ಆ ಕಾರಿಗೇ ಹತ್ತಿದ್ದಳು. ಅಲ್ಲಿಂದಲೇ ಕಿಟಕಿಯಲ್ಲಿ ತಲೆ ಹಾಕಿ ಕೇಳಿದಳು.

"ಚಿಕ್ಕಮ್ಮ ಕಾರಲ್ಲಿದ್ದಾಳೇನೇ?"

ಇವಳು ಆಗಲೇ ಎಡಗಡೆ ಕಿಟಕಿಗೆ ಸರಿದಾಗಿತ್ತು. "ಹೂಂ" ಎಂದಳು.

ಅಷ್ಟೇ. ಈ ಮಾತು ಕೇಳಿಸಿಕೊಳ್ಳದ ಅಪ್ಪ, ಚಿಕ್ಕಮ್ಮ ಅಕ್ಕನ ಜೊತೆ ಆ ಕಾರಿಗೆ ಹೋಗಿರಬೇಕೆಂದುಕೊಂಡು ಗಾಡಿ ತೆಗೆದರು. ಇವಳು ತಿರುಗಿ ನೋಡಿದಾಗ ಕೊಳವೆಯ ಹತ್ತಿರ ಚಿಕ್ಕಮ್ಮನ ಬೆನ್ನು ಕಾಣಿಸಿತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅಲ್ಲಿಂದ ಮೊದಲ ತಿರುವಿನವರೆಗೆ ಇದು ಬರೀ ಆಟ. ಎರಡನೆಯದರಲ್ಲಿ ಬೈಸಿಕೊಳ್ಳುವ ಭಯ. ಆಮೇಲೆ ಬಾಯಿ ತೆರೆಯಲು ಆಗಲೇ ಇಲ್ಲ. ನೂರಾಹತ್ತು ಕಿಲೋಮೀಟರು ಅವಳು ಕಿಟಕಿಯ ಪಕ್ಕ ಕೂತು ಏನೂ ನೋಡದೆ ಬಂದಳು. ವಸತಿಗೃಹದಲ್ಲಿ ಊಟಕ್ಕೆ ಹಾಕಿದ ತಟ್ಟೆಗಳಲ್ಲಿ ಒಂದು ಮಿಕ್ಕಿದಾಗ ಎಲ್ಲರಿಗೂ ಗೊತ್ತಾಯಿತು. ಕತ್ತಲಾದ ಮೇಲೆ ಉದ್ಯಾನದ ಗೇಟು ತೆರೆಯುವುದಿಲ್ಲ. ಬೆಳಗ್ಗೆ ಹೋದಾಗ ಮೋಟು ಗೋಡೆಯ ಮೇಲೆ ಶಾಲು ಮಡಚಿಟ್ಟಿತ್ತು. ಹನ್ನೊಂದು ದಿನ ಹುಡುಕಿದರು. ಮತ್ತೇನೂ ಸಿಗಲಿಲ್ಲ. ಮಗು ಅದು, ಅದಕ್ಕೇನು ಗೊತ್ತು, ಇದ್ದಾಳೆ ಅಂದುಕೊಂಡು ಹೂಂ ಅಂದಿದೆ ಎಂದು ದೊಡ್ಡವರೆಲ್ಲ ಅವಳ ತಲೆ ಸವರಿದರು. ಆ ಸವರಿಕೆಯನ್ನು ಅವಳು ನಲವತ್ತಮೂರು ವರ್ಷ ಹೊತ್ತಿದ್ದಾಳೆ.

ಎಣಿಕೆಯ ಚೌಕ ಹುಟ್ಟಿದ್ದು ಹೀಗೆ. ಇನ್ನು ಆ ಚೌಕದಲ್ಲಿ ಕಂಡಿದ್ದನ್ನು ಹೇಳಬೇಕು.

ಮೊದಲ ಬಾರಿ ಕಂಡಾಗ ಯಾರೋ ಎಣಿಕೆ ತಪ್ಪಿದ್ದಾರೆ ಎಂದುಕೊಂಡಳು. ಶಾಲೆಯ ಮೇಷ್ಟ್ರೊಬ್ಬರು ಮತ್ತು ಅವರ ಹೆಂಡತಿ, ಇಬ್ಬರೇ ಹೋಗಿದ್ದವರು. ಪುಸ್ತಕದುದ್ದಕ್ಕೂ ಎರಡು, ಎರಡು, ಎರಡು. ಹದಿನೇಳನೆಯ ತಿರುವಿನಲ್ಲಿ ಮೂರು. ಮುಂದೆ ಉದ್ಯಾನದ ಹೊರಗೇಟಿನಲ್ಲಿ ಮತ್ತೆ ಎರಡು. ಎರಡು ವರ್ಷದ ನಂತರ ಮೂವರು ಹೋದ ಕಾರಿನಲ್ಲಿ ನಾಲ್ಕು. ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಹಿಂದಿನ ಎಡ ಗಾಜು ತಾನಾಗಿ ಇಳಿಯುತ್ತಿದೆ, ರಿಪೇರಿ ಮಾಡಿಸಬೇಕು." ಇನ್ನೊಂದರಲ್ಲಿ, "ಇಲ್ಲಿಂದ ಗೇಟಿನವರೆಗೆ ಕಾರಿನಲ್ಲಿ ನಿಂಬೆ ವಾಸನೆ. ನಾವು ನಿಂಬೆಹಣ್ಣು ತಂದಿಲ್ಲ." ಇದನ್ನು ಓದಿದ ದಿನ ದಾರಿಯಕ್ಕ ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ತಣ್ಣಗಾದಳು. ಮಾಲೀಕರು ಏನಾಯಿತೆಂದು ಕೇಳಿದರೆ, ಫ್ಯಾನು ಜಾಸ್ತಿಯಾಯಿತು ಎಂದಳು.

ಇಪ್ಪತ್ತು ವರ್ಷಗಳಲ್ಲಿ ಅಂಥವು ಹನ್ನೆರಡು ಪುಸ್ತಕಗಳು. ಹಿಂದಿನ ಎಡಗಡೆ ಕಿಟಕಿ ಖಾಲಿ ಇದ್ದ ಕಾರುಗಳಲ್ಲಿ ಮಾತ್ರ. ಗೇಟು ದಾಟಿದ ಮೇಲೆ ಎಣಿಕೆ ಎಲ್ಲದರಲ್ಲೂ ಮೊದಲಿನಂತೆಯೇ. ಹಲ್ಲಿನ ಡಾಕ್ಟರೊಬ್ಬರು ಪುಸ್ತಕ ಮರಳಿಸಲು ಬಂದಾಗ ನಗುನಗುತ್ತಾ ಹೇಳಿದ್ದರು. "ಗೇಟಿನವನಿಗೆ ಕಣ್ಣು ಸರಿ ಇಲ್ಲ ಕಣಕ್ಕಾ. ಪರವಾನಗಿ ಚೀಟೀಲಿ ಮೂರು ಹೆಸರು ಇದೆ, ನಾಲ್ಕು ಜನ ಇದೀರಲ್ಲ ಅಂದ. ಎಲ್ಲಿ ನಾಲ್ಕು, ಮತ್ತೆ ಎಣಿಸಪ್ಪಾ ಅಂದೆ. ಎಣಿಸಿದ. ಮೂರೇ!" ದಾರಿಯಕ್ಕನೂ ಅವರ ಜೊತೆ ನಕ್ಕಳು. ಆಮೇಲೆ ಆ ಪುಸ್ತಕವನ್ನೂ ಮನೆಗೆ ಒಯ್ದು, ಚಪ್ಪಲಿಯ ಖಾಲಿ ಡಬ್ಬದಲ್ಲಿ ಉಳಿದವುಗಳ ಜೊತೆ ಇಟ್ಟಳು.

ಹೋಗಬಹುದಿತ್ತಲ್ಲ, ಇಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಬಹುದು. ಹೆದರಿಕೆ, ಮತ್ತೇನು! ಹೋಗಿ ಏನೂ ಇಲ್ಲದಿದ್ದರೆ ಎಂಬ ಹೆದರಿಕೆ ಒಂದು. ಇದ್ದರೆ, ಆ ಬೆನ್ನು ಇತ್ತ ತಿರುಗಿದರೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಅವಳಿಗೇ ಬಗೆಹರಿದಿರಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಮಾಲೀಕರು ಕುಣಿಯುತ್ತಾ ಬಂದರು. "ಸುರಂಗ ಮುಗೀತು! ಇನ್ನು ಆ ಹಾಳು ತಿರುವುಗಳೇ ಬೇಡ. ಎರಡನೇ ಪಾರ್ಕಿಂದ ಸೀದಾ ಕೆಳಗೆ, ಇಪ್ಪತ್ತೇ ನಿಮಿಷ. ಈ ಬೇಸಿಗೆ ಮುಗಿದ ಮೇಲೆ ಹಳೇ ದಾರಿ ಎರಡೂ ಕಡೆ ಬಂದ್. ಗೋಡೆ ಕಟ್ಟಿಬಿಡ್ತಾರಂತೆ." ದಾರಿಯಕ್ಕನ ಕೈಯ ಪೆನ್ಸಿಲು ಹಾಗೇ ನಿಂತಿತು. ಇನ್ನು ಆ ತಿರುವಿನಲ್ಲಿ ಯಾವ ಕಾರೂ ನಿಲ್ಲುವುದಿಲ್ಲ. ಒಂದು ಗೇಟಿನ ದೂರದ ಮಟ್ಟಿಗಾದರೂ ಚಿಕ್ಕಮ್ಮನನ್ನು ಹತ್ತಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಅಂದೇ ರಜೆಯ ಅರ್ಜಿ ಬರೆದು ಮಾಲೀಕರ ಮೇಜಿನ ಮೇಲಿಟ್ಟಳು.

ಮನೆಯಲ್ಲಿ ಊಟದ ಮೇಜಿನ ಮೇಲೆ ನಕ್ಷೆ ಹರಡಿದಳು. ಎದುರಿಗೆ ಬಟಾಣಿ ಸುಲಿಯುತ್ತಾ ಕೂತಿದ್ದ ಅಮ್ಮನಿಗೆ ಎಪ್ಪತ್ತೆಂಟು. ಮಂಡಿ ಕೈಕೊಟ್ಟಿದೆ, ಕಣ್ಣು ಕಿವಿ ಚುರುಕಾಗಿವೆ. ಮಗಳ ಬೆರಳು ನಕ್ಷೆಯ ಮೇಲೆ ಎಲ್ಲಿ ನಿಂತಿತೆಂಬುದನ್ನು ನೋಡಿದಳು.

"ನಾನೂ ಬರ್ತೀನಿ."

"ಮಂಡಿ ಇಟ್ಕೊಂಡು ಎಲ್ಲಿಗಮ್ಮಾ? ಇನ್ನೂರು ತಿರುವು ಇದೆ."

"ತಿರುಗೋದು ಕಾರು, ನನ್ನ ಮಂಡಿ ಅಲ್ಲ" ಎಂದಳು ಅಮ್ಮ. ಆ ಮಾತು ಅಲ್ಲಿಗೆ ಮುಗಿಯಿತು.

ಬೇರೆಯವರಿಗೆ ಅರ್ಧ ದಿನದಲ್ಲಿ ದಾರಿ ಬರೆದುಕೊಡುವವಳು ತನ್ನದಕ್ಕೆ ಮೂರು ವಾರ ತೆಗೆದುಕೊಂಡಳು. ಟೈರು ಬದಲಿಸಿದಳು, ಬ್ರೇಕು ನೋಡಿಸಿದಳು. ಅಮ್ಮನ ಬೆನ್ನಿಗೆ ದಿಂಬು, ಗಂಟೆಗೊಮ್ಮೆ ವಿಶ್ರಾಂತಿ, ಮೆಟ್ಟಿಲಿಲ್ಲದ ವಸತಿಗೃಹ, ಎಲ್ಲ ಬರೆದಳು. ಮೊದಲ ದಿನ ಪೈನ್ ಮರಗಳ ಉದ್ಯಾನ, ಎರಡನೇ ದಿನ ಸರೋವರ. ಮೂರನೇ ದಿನದ ಹಾಳೆ ಮಾತ್ರ ಖಾಲಿ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬಲ್ಲಿಗೆ ಬಂದರೆ ಪೆನ್ಸಿಲು ಓಡುತ್ತಿರಲಿಲ್ಲ.

ಒಂದು ಸಂಜೆ ಆಫೀಸಿನಿಂದ ಬಂದರೆ ಊಟದ ಮೇಜಿನ ಮೇಲೆ ಹನ್ನೆರಡೂ ಪುಸ್ತಕಗಳು ವರ್ಷದ ಪ್ರಕಾರ ಸಾಲಾಗಿ ತೆರೆದಿದ್ದವು. ಚಪ್ಪಲಿಯ ಡಬ್ಬ ನೆಲದ ಮೇಲಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಕೂತಿದ್ದಳು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಒಂದೊಂದೇ ಪುಸ್ತಕದ ಮೇಲೆ ಬೆರಳಿಟ್ಟಳು.

"ಎಲ್ಲರೂ ಗೇಟಲ್ಲಿ ಇಳಿಸಿಬಿಡ್ತಾರೆ ಅವಳನ್ನ."

"ಇಳಿಸಲ್ಲಮ್ಮ, ಅವರಿಗೆ ಗೊತ್ತೇ ಇರಲ್ಲ..."

"ಚೀಟೀಲಿ ಹೆಸರಿಲ್ಲ ಅಂತ ಇಳೀತಾಳೆ. ಅವಳ ಸ್ವಭಾವ ನಂಗೊತ್ತಿಲ್ವಾ? ಕರೀದೇ ಇದ್ರೆ ಒಂದು ಹೆಜ್ಜೆ ಮುಂದಿಡೋಳಲ್ಲ." ಅಮ್ಮ ಕನ್ನಡಕ ತೆಗೆದಳು. "ಪರವಾನಗಿ ಮೂರು ಜನರಿಗೆ ತಗೋ."

ಅರ್ಜಿಯಲ್ಲಿ ಮೂರನೆಯ ಸಾಲಿಗೆ ಚಿಕ್ಕಮ್ಮನ ಹೆಸರು ಬರೆದಳು. ವಯಸ್ಸಿನ ಜಾಗದಲ್ಲಿ ಕೈ ತಡೆಯಿತು. ಇದ್ದಿದ್ದರೆ ಅರವತ್ತೊಂಬತ್ತು. ಅಮ್ಮ ಭುಜದ ಮೇಲಿಂದ ಬಗ್ಗಿ, "ಇಪ್ಪತ್ತಾರು ಅಂತ ಬರಿ" ಎಂದಳು.

ಹೊರಟ ದಿನ ಬೆಳಗ್ಗೆ ಅಮ್ಮ ಹಿಂದಿನ ಎಡಗಡೆ ಸೀಟಿನ ಮೇಲೆ ಹಳೆಯ ಶಾಲು ಹಾಸಿ, ಮಾರುಕಟ್ಟೆಯಿಂದ ತರಿಸಿದ್ದ ಒಂದು ನಿಂಬೆಹಣ್ಣನ್ನು ಒರೆಸಿ ಅದರ ಮೇಲಿಟ್ಟಳು. ಆಮೇಲೆ ತಾನು ಮುಂದೆ ಕೂತಳು. ಮೊದಲೆರಡು ದಿನ ಅವರು ನೋಡಿದ್ದೆಲ್ಲ ಆಫೀಸಿನ ಗೋಡೆಯ ಚಿತ್ರದಲ್ಲಿದ್ದಂತೆಯೇ ಇತ್ತು. ಸರೋವರ ಅಷ್ಟೇ ನೀಲಿ, ಶಿಖರದ ಹಿಮ ಅಷ್ಟೇ ಬಿಳಿ. ಅಮ್ಮ ಜಿಂಕೆ ನೋಡಿ ಚಪ್ಪಾಳೆ ತಟ್ಟಿದಳು. ನಿಲ್ಲಿಸಿದಲ್ಲೆಲ್ಲ ದಾರಿಯಕ್ಕ ಎಣಿಸಿ ಚೌಕದಲ್ಲಿ ಎರಡು ಎಂದು ಬರೆದಳು.

ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಹದಿನೇಳನೆಯ ತಿರುವು ಬಂತು. ಒಂದು ಕಾರೂ ಇರಲಿಲ್ಲ. ಮೋಟು ಗೋಡೆ ಅದೇ, ಕೊಳವೆ ಮಾತ್ರ ತುಕ್ಕು ಹಿಡಿದಿತ್ತು. ನೀರು ಬೀಳುವ ಸದ್ದು ಒಂದೇ ಸಮ ಇರಲಿಲ್ಲ. ನಡುನಡುವೆ ಯಾರೋ ಬೊಗಸೆ ಒಡ್ಡಿದ ಹಾಗೆ ತಡೆದು ತಡೆದು ಬೀಳುತ್ತಿತ್ತು. ಬಿಸಿಲು ನೋಡನೋಡುತ್ತಿದ್ದಂತೆ ಕರಗಿ ಮಂಜು ಗೋಡೆ ಹತ್ತಿ ಬಂತು. ದಾರಿಯಕ್ಕ ಎಂಜಿನ್ ನಿಲ್ಲಿಸಿದಳು. ಇಬ್ಬರೂ ಇಳಿಯಲಿಲ್ಲ. ಇನ್ನು ಹೇಳದೆ ಗತಿಯಿರಲಿಲ್ಲ.

"ಅಮ್ಮಾ, ಅವತ್ತು ನಾನು ಸುಳ್ಳು ಹೇಳಿದೆ. ಅವಳು ಕಾರಲ್ಲಿಲ್ಲ ಅಂತ ನಂಗೊತ್ತಿತ್ತು. ನಂಗೆ ಕಿಟಕಿ ಬೇಕಾಗಿತ್ತು." ಸ್ಟಿಯರಿಂಗಿನಿಂದ ಕೈ ತೆಗೆದಳು. "ದಾರಿಯುದ್ದಕ್ಕೂ ಗೊತ್ತಿತ್ತು. ಹೇಳಲಿಲ್ಲ."

ಅಮ್ಮ ಮುಂದಿನ ಗಾಜಿನ ಮೇಲೆ ಕೂತ ಮಂಜನ್ನು ಸೆರಗಿನಿಂದ ಒರೆಸಿದಳು.

"ಒಂಬತ್ತು ವರ್ಷದ ಹುಡುಗೀನ ಕೇಳಿದೆ ನಾನು" ಎಂದಳು. "ಇಳಿದು ನಾಲ್ಕು ಹೆಜ್ಜೆ ಹೋಗಿ ನೋಡಬಹುದಿತ್ತು. ಚಳಿ ಇತ್ತು. ನಿನ್ನ ದೊಡ್ಡಮ್ಮನ ಹತ್ರ ಮಾತು ಅರ್ಧಕ್ಕೆ ನಿಂತಿತ್ತು. ಅದಕ್ಕೇ ಇಳೀಲಿಲ್ಲ. ಸ್ವಂತ ತಂಗಿ ಕಣೇ ನಂಗೆ." ನಲವತ್ತಮೂರು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಇದನ್ನು ಬೇರೆಬೇರೆಯಾಗಿ ಬಚ್ಚಿಟ್ಟುಕೊಂಡು ಬದುಕಿದ್ದರು.

ಕೊಳವೆಯ ನೀರು ಈಗ ಒಂದೇ ಸಮನೆ ಸುರಿಯತೊಡಗಿತು.

ಅವಳ ಕಾರು ಹಳೆಯದು. ಗಾಜು ಇಳಿಸಬೇಕಾದರೆ ಬಾಗಿಲಿನ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕು. ಹಿಂದಿನಿಂದ ಆ ಸದ್ದು ಬಂತು. ಕಿರ್ರ್, ತುಸು ತಡೆದು ಮತ್ತೆ ಕಿರ್ರ್. ಕಾರಿನೊಳಗೆ ಚಳಿಗಾಳಿ ನುಗ್ಗಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ಹಿಂದೆ ತಿರುಗುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಎದುರಿನ ಕನ್ನಡಿಯನ್ನು ದಾರಿಯಕ್ಕ ಬೆಳಗ್ಗೆಯೇ ಮೇಲಕ್ಕೆ ತಿರುಗಿಸಿಟ್ಟಿದ್ದಳು. ಪುಸ್ತಕ ತೆರೆದು, ನೋಡದೆಯೇ, ಚೌಕದಲ್ಲಿ ಮೂರು ಎಂದು ಬರೆದಳು. ಅಂಕಿ ಸೊಟ್ಟಗೆ ಬಂತು.

ಗೇಟಿನವರೆಗೆ ಇಪ್ಪತ್ತೆರಡು ಕಿಲೋಮೀಟರು. ಎರಡನೇ ಗೇರಿನಲ್ಲೇ ಇಳಿಸಿದಳು, ಒಂದು ಗುಂಡಿಯಲ್ಲೂ ಕಾರು ಎಗರಿಸಲಿಲ್ಲ. ಮೊದಮೊದಲು ನಿಂಬೆಯ ವಾಸನೆ ಇದೆಯೋ ಇಲ್ಲವೋ ಎನ್ನುವಂತಿತ್ತು, ಬರಬರುತ್ತಾ ಮೂಗು ತುಂಬಿತು. ಒಂದು ಕಡೆ ಅಮ್ಮ ತನ್ನಷ್ಟಕ್ಕೆ, "ನಿಧಾನ, ಅವಳಿಗೆ ಆಗಲ್ಲ" ಎಂದಳು.

ಗೇಟಿನಲ್ಲಿ ಕಾವಲುಗಾರ ಕಟ್ಟೆಯಿಂದ ಇಳಿದು ಬಂದ. ದಪ್ಪ ಮೀಸೆ, ಕೈಯಲ್ಲಿ ಚಹಾದ ಲೋಟ. ಚೀಟಿ ಇಸಿದುಕೊಂಡು ಓದಿದ. ಮುಂದೆ ಬಗ್ಗಿ ಅಮ್ಮನನ್ನು ನೋಡಿದ, ಇವಳನ್ನು ನೋಡಿದ. ಆಮೇಲೆ ಹಿಂದಿನ ಕಿಟಕಿಯ ಹತ್ತಿರ ಹೋಗಿ ನಿಂತ. ಅಲ್ಲಿ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನಿಂತನೆಂದು ದಾರಿಯಕ್ಕನಿಗೆ ಅನಿಸಿತು. ಹನ್ನೆರಡು ಕಾರುಗಳು ಸೋತ ಜಾಗ ಇದು.

"ಮೂರು. ಸರಿ ಇದೆ" ಎಂದ ಅವನು ಚೀಟಿ ಮರಳಿಸುತ್ತಾ. "ಮಗಳಿಗೆ ತಲೆಸುತ್ತಾ ಅಮ್ಮಾ? ಪಾಪ, ಮುಖ ಎಲ್ಲ ಒದ್ದೆ ಮಾಡ್ಕೊಂಡಿದ್ದಾರೆ. ಗಾಜು ಏರಿಸೋಕೆ ಹೇಳಿ, ಕೆಳಗೂ ಚಳಿ ಇದೆ."

ದಾರಿಯಕ್ಕ ತಲೆ ಆಡಿಸಿದಳು. ಅಡ್ಡಗಂಬ ಮೇಲೆದ್ದಿತು. ಕಾರು ಅದರ ಕೆಳಗೆ ಹಾದು ಹೊರಗೆ ಬಂತು.

ಗೇಟು ದಾಟಿ ಒಂದು ಫರ್ಲಾಂಗು ಹೋಗಿರಬಹುದು. ನಿಂಬೆಯ ವಾಸನೆ ಇದೆಯೇ, ಹೋಯಿತೇ, ಏನೂ ತಿಳಿಯುವಂತಿರಲಿಲ್ಲ. ಗಾಳಿ ಜೋರಾಗಿತ್ತು. ಆಗ ಅಮ್ಮ, ಮುಂದೆ ನೋಡುತ್ತಲೇ, ಅಂದಿನ ದನಿಯಲ್ಲೇ ಕೇಳಿದಳು.

"ಚಿಕ್ಕಮ್ಮ ಕಾರಲ್ಲಿದ್ದಾಳೇನೇ?"

ನಾಲಿಗೆಯ ತುದಿಗೆ ಹೂಂ ಬಂದಿತ್ತು. ದಾರಿಯಕ್ಕ ಅದನ್ನು ನುಂಗಿದಳು. ಕಾರನ್ನು ರಸ್ತೆಯ ಅಂಚಿಗೆ ತೆಗೆದು, ಕೈಬ್ರೇಕು ಎಳೆದು, ಎಂಜಿನ್ ಆರಿಸಿದಳು. ಬಾಗಿಲು ತೆರೆದು ಇಳಿದಳು. ಕಾರಿನ ಹಿಂದಿನಿಂದ ಸುತ್ತಿ ಬಂದು ಎಡಗಡೆ ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು. ಒಟ್ಟು ಎಂಟು ಹೆಜ್ಜೆ. ತೆರೆದು, ಬಗ್ಗಿ, ಕಣ್ಣು ಬಿಟ್ಟು ನೋಡಿದಳು.

ಶಾಲು ಸೀಟಿನ ಮೇಲೆ ಹಾಸಿದಂತಿರಲಿಲ್ಲ, ಹೊದೆಯಲು ಬಿಚ್ಚಿಕೊಂಡಂತಿತ್ತು. ಸೀಟು ತಗ್ಗಿತ್ತು. ಕಿಟಕಿಯ ಅಂಚಿನಲ್ಲಿ ನೀರಿನ ಹನಿಗಳು ಇನ್ನೂ ಇಳಿಯುತ್ತಿದ್ದವು. ಬೆಳಗ್ಗೆ ಅಮ್ಮ ಒರೆಸಿಟ್ಟಿದ್ದ ನಿಂಬೆಹಣ್ಣಿನ ಸಿಪ್ಪೆಯ ತುಂಬ ಹೊಸ ಉಗುರಿನ ಗುರುತುಗಳು. ಅವಳು ನೋಡುತ್ತಿದ್ದಂತೆಯೇ ಅದರ ಮೇಲೆ ಇನ್ನೊಂದು ಗುರುತು ಮೂಡಿತು.

ದಾರಿಯಕ್ಕ ಬಾಗಿಲನ್ನು ಮೆಲ್ಲಗೆ, ಯಾರ ಬೆರಳಿಗೂ ತಾಗದ ಹಾಗೆ ಮುಚ್ಚಿದಳು. ಎಂಟು ಹೆಜ್ಜೆ ವಾಪಸು ನಡೆದು ತನ್ನ ಜಾಗದಲ್ಲಿ ಕೂತಳು.

"ಇದ್ದಾಳಮ್ಮಾ" ಎಂದಳು. "ನೋಡಿ ಬಂದೆ."